ಹೂವಪ್ಪನ ಎರಡು ಮಡಿ

ಸವಣೂರಿನ ಹೂವಪ್ಪನಿಗೆ ಇದ್ದದ್ದು ಒಂದೇ ರೋಗ. ಯಾರು ಏನು ಹೇಳಿದರೂ ಅದನ್ನು ಮಾಡಿಬಿಡುತ್ತಿದ್ದ. ಶಾಲೆಯಲ್ಲಿ ಮೂವತ್ತೆರಡು ವರ್ಷ ಗಂಟೆ ಬಾರಿಸಿದ ಮನುಷ್ಯ ಅವನು. ಬಾರಿಸು ಅಂದಾಗ ಬಾರಿಸಿದ, ನಿಲ್ಲಿಸು ಅಂದಾಗ ನಿಲ್ಲಿಸಿದ. ಒಮ್ಮೆ ದೊಡ್ಡ ಮಾಸ್ತರರು ಗಂಟೆ ಇಳಿಸಿ ಒರೆಸು ಅಂದರು. ಇಳಿಸುವಾಗ ಅದು ಜಾರಿ ಬಲಗೈಯ ಕಿರುಬೆರಳ ಮೇಲೆ ಬಿತ್ತು. ಅವತ್ತಿನಿಂದ ಆ ಬೆರಳು ಕುಡುಗೋಲಿನ ಹಾಗೆ ಹೊರಕ್ಕೆ ಬಾಗಿ ನಿಂತಿದೆ. ರೋಗ ಮಾತ್ರ ವಾಸಿಯಾಗಲಿಲ್ಲ.

ಅವನ ಹಿತ್ತಲು ಅಪ್ಪಟ ಎರೆ ನೆಲ. ನಾಲ್ಕು ಹನಿ ಬಿದ್ದರೆ ಎಮ್ಮೆ ಮಲಗುವಷ್ಟು ನೀರು ನಿಲ್ಲುತ್ತದೆ. ಹೋದ ವರ್ಷ ಹೀರೆಬಳ್ಳಿ ಬೇರು ಕೊಳೆತು ಸತ್ತಾಗ ಹೆಂಡತಿ ಶಂಕ್ರವ್ವ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಯಾಕೆಂದರೆ ಅವಳು ಅಂಗಡಿಯ ಬೀಜ ಮುಟ್ಟಿದವಳಲ್ಲ. ತವರು ಮಾಸೂರಿನಿಂದ ಮದುವೆಯಲ್ಲಿ ಸೆರಗಿನ ತುದಿಗೆ ಕಟ್ಟಿಕೊಂಡು ಬಂದ ಹೀರೆ, ಸವತೆ, ಕುಂಬಳದ ಬೀಜವನ್ನು ನಲವತ್ತು ವರ್ಷ ಬಿಡದೆ ಕಾಯ್ದುಕೊಂಡು ಬಂದಿದ್ದಳು. ಮೃಗಶಿರಾ ನಕ್ಷತ್ರದ ಮಿರಗ ಮಳೆ ಕೂಡುವ ದಿನ ಓಣಿಯ ಹೆಂಗಸರೆಲ್ಲ ಅವಳ ಬಾಗಿಲಿಗೆ ಬಂದು ನಾಲ್ಕು ನಾಲ್ಕು ಬೀಜ ಇಸಿದುಕೊಂಡು ಹೋಗುವುದು ರೂಢಿ.

ಈ ವರ್ಷ ಎತ್ತರದ ಮಡಿ ಕಟ್ಟುವುದೆಂದು ಅವಳೇ ಠರಾಯಿಸಿದಳು. ಮೊಣಕಾಲೆತ್ತರ ಇಟ್ಟಂಗಿ ಕಟ್ಟಿ, ಒಳಗೆ ಮಣ್ಣು ತುಂಬಿದರೆ ನೀರು ಬಸಿದು ಹೋಗುತ್ತದೆ. ಮಿರಗ ಕೂಡುವ ದಿನವೇ ಹಂಸಭಾವಿಯಲ್ಲಿ ಅಕ್ಕನ ಮೊಮ್ಮಗುವಿನ ಹೆಸರಿಡುವ ಕಾರ್ಯ ಬಂತು. ಬೆಳಗಿನ ಬಸ್ಸಿಗೆ ಹೊರಟವಳು ಹೊಸಿಲ ಮೇಲೆ ನಿಂತು ಹೇಳಿದಳು:

"ಸಂಜಿ ಬಸ್ಸಿಗೆ ಬರ್ತೇನಿ. ಅಷ್ಟರಾಗ ಎರಡೂ ಮಡಿ ತುಂಬಿರಬೇಕು. ಬೀಜ ನಾನ ಬಂದು ಊರ್ತೇನಿ, ನೀವು ಮುಟ್ಟಬ್ಯಾಡ್ರಿ. ಮತ್ತ ಮಂದಿ ಮಾತು ಕೇಳಬ್ಯಾಡ್ರಿ."

"ಕೇಳೂದಿಲ್ಲ" ಅಂದ ಹೂವಪ್ಪ. ಅದೂ ಹೇಳಿದ ಮಾತೇ ಆದ್ದರಿಂದ ಒಪ್ಪಿಕೊಂಡ.

ಪಕ್ಕದ ಮನೆಯ ಗೌಂಡಿ ಫಕ್ರುಸಾಬ ಹಳೇ ಇಟ್ಟಂಗಿ ಹೊತ್ತು ತಂದು ಎಂಟು ಗಂಟೆಗೆಲ್ಲ ಎರಡು ಮಡಿಗೂ ಗೋಡೆ ಎಬ್ಬಿಸಿದ. ಕೆರೆ ಹೂಳು ಬಾಗಿಲಲ್ಲಿ ಬಿದ್ದಿತ್ತು. ಇನ್ನೇನು ಬುಟ್ಟಿ ಎತ್ತಬೇಕು, ಎದುರುಮನೆಯ ಪರಮೇಶ್ವರಪ್ಪ ಮೊಬೈಲು ಹಿಡಿದುಕೊಂಡು ಬಂದರು. ಸೊಸೈಟಿಯಲ್ಲಿ ಸೆಕ್ರೆಟರಿಯಾಗಿದ್ದವರು. ರಿಟೈರಾದ ಮೇಲೆ ಲೋಕದ ಎಲ್ಲಾ ವಿದ್ಯೆಯನ್ನೂ ಆ ಮೊಬೈಲಿನಲ್ಲಿ ನೋಡಿ ಮುಗಿಸಿದ್ದರು.

"ಬರೇ ಮಣ್ಣು ತುಂಬತಿಯೇನು ಹೂವಪ್ಪ? ತಳಕ್ಕ ಕಟಗಿ ಹಾಕಬೇಕು, ಅದರ ಮ್ಯಾಲ ಒಣ ಎಲಿ, ಅದರ ಮ್ಯಾಲ ಕುಳ್ಳು. ನೀರು ಹಿಡಕೊಂಡು ಕುಂದರ್ತಾವು. ಮೊಬೈಲಿನ್ಯಾಗ ನೋಡೇನಿ."

ಹೂವಪ್ಪ ಕಟ್ಟಿಗೆ ಹಾಕಿದ, ಎಲೆ ಹಾಕಿದ. ಒಣ ಸಗಣಿಯ ಕುಳ್ಳು ಎಲ್ಲಿಂದ ತರಬೇಕು? ಮನೆಯ ಎಮ್ಮೆ ಮಾರಿ ವರ್ಷವಾಗಿತ್ತು. ಹಿತ್ತಲ ಗೋಡೆಗೆ ಹಳೇ ಕುಳ್ಳು ಐದು ಅಂಟಿಕೊಂಡಿದ್ದವು. ಕಿತ್ತು, ಪುಡಿ ಮಾಡಿ ಮೊದಲನೇ ಮಡಿಗೆ ಹಾಕಿದ. ಮೇಲೆ ಹೂಳು ತುಂಬಿ, ಮಣ್ಣು ಕೂರಲೆಂದು ನಾಲ್ಕು ಕೊಡ ನೀರು ಹೊಯ್ದ.

ಎರಡನೇ ಮಡಿಗೆ ಕಟ್ಟಿಗೆ, ಎಲೆ ಹಾಕುವಾಗ ಪರಮೇಶ್ವರಪ್ಪ ಮತ್ತೆ ಗಂಟಲು ಸರಿಮಾಡಿಕೊಂಡರು.

"ಕಟಗಿಗೆ ಒರಲಿ ಹುಳ ಹತ್ತತಾವು. ತಳಕ್ಕ ಬೂದಿ ಸುರೀಬೇಕು."

ಅಡುಗೆಮನೆಯ ಮೂಲೆಯಲ್ಲಿ ಪಾತ್ರೆ ತಿಕ್ಕುವ ಬೂದಿಯ ಗಡಿಗೆ ಇತ್ತು. ಫಕ್ರುಸಾಬ ಅದನ್ನು ಎತ್ತಿ ತಂದು ಒಮ್ಮೆಲೇ ಬೋರಲು ಹಾಕಿದ. ಬೂದಿ ಮೋಡದ ಹಾಗೆ ಎದ್ದು ಮೂವರೂ ಕಣ್ಣು ಮುಚ್ಚಿಕೊಂಡು ಸೀನಿದರು. ಕಣ್ಣು ಬಿಡುವುದರೊಳಗೆ ಬೂದಿ ಎಲೆಯ ಸಂದಿಗೆ ಇಳಿದಿತ್ತು. ಮೇಲೆ ಹೂಳು ತುಂಬಿ, ಕೈಯಿಂದ ಸವರಿ, ಹಾಸಿಗೆಯ ಹಾಗೆ ಸಮ ಮಾಡಿದರು. ಅದರ ಅಂದ ನೋಡಿ ಹೂವಪ್ಪನಿಗೇ ಅದರ ಮೇಲೆ ಒಂದು ಗಳಿಗೆ ಮಲಗಬೇಕು ಅನಿಸಿತು.

ಅಷ್ಟರಲ್ಲಿ ಮುದುಕಿ ಚೌಡವ್ವ ಕೋಲೂರಿಕೊಂಡು ಬಂದಳು. ಓಣಿಗೆಲ್ಲ ಹಿರಿಯಳು, ಹೂವಪ್ಪನನ್ನು ಚಡ್ಡಿಯಲ್ಲಿ ನೋಡಿದವಳು.

"ಏನೋ ಹೂವ್ಯಾ, ಇಲ್ಲಿ ಗ್ವಾಡಿಮ್ಯಾಲ ಐದು ಕುಳ್ಳು ಇದ್ವಲ್ಲ, ಎಲ್ಲಿ ಹೋದ್ವು?"

"ಮಡ್ಯಾಗ ಹಾಕೇನಿ ಚೌಡವ್ವ. ಯಾಕ?"

"ಅದರಾಗ ನಿನ್ನ ಹೆಂಡ್ತಿ ಬೀಜ ಒತ್ತಿ ಇಟ್ಟಿದ್ಲೋ ಪುಣ್ಯಾತ್ಮ. ಸಗಣ್ಯಾಗ ಒತ್ತಿ ಒಣಗಿಸಿದ್ರ ಬೀಜಕ್ಕ ಹುಳ ಮುಟ್ಟೂದಿಲ್ಲ ಅಂತ ನಾನ ಆಕಿಗೆ ಕಲಿಸಿದ್ದು. ಹಸೀದು ಇದ್ದಾಗ ಬಡಿಯಾಕ ನೀನ ನೀರು ತಂದು ಕೊಟ್ಟಿದ್ದಿ."

ತಂದು ಕೊಟ್ಟಿದ್ದು ಹೂವಪ್ಪನಿಗೆ ಆಗ ನೆನಪಾಯಿತು. ಎದೆಯೊಳಗೆ ಶಾಲೆಯ ಗಂಟೆ ಒಂದೇ ಸಮನೆ ಬಡಿದುಕೊಳ್ಳತೊಡಗಿತು.

ಮೊದಲನೇ ಮಡಿ ಅಗೆದರು. ಹೊಯ್ದಿದ್ದ ನೀರಿಗೆ ಕುಳ್ಳು ಕರಗಿ ಅಂಬಲಿಯಾಗಿತ್ತು. ಫಕ್ರುಸಾಬ ಮರಳು ಸೋಸುವ ಜಾಳಿಗೆ ತಂದ. ಅವನ ಹೆಂಡತಿ ನೂರಜಹಾನ ಕೊಡದಿಂದ ನೀರು ಹೊಯ್ದಳು. ಕೆಸರು ಸೋಸಿ ಸೋಸಿ ಹೂವಪ್ಪ ಕೆರೆಯಿಂದೆದ್ದ ಎಮ್ಮೆಯ ಹಾಗೆ ಕಾಣುತ್ತಿದ್ದ. ಹರಳು ಸಿಕ್ಕವು, ಒಂದು ಮುರಿದ ಬಳೆ ಸಿಕ್ಕಿತು. ಬೀಜ ಒಂದೂ ಸಿಗಲಿಲ್ಲ.

"ಕರಗಿ ಹೋಗ್ಯಾವು" ಅಂದರು ಪರಮೇಶ್ವರಪ್ಪ.

"ಕರಗಾಕ ಅವೇನು ಸಕ್ಕರಿ ಹರಳೇನೋ?" ಅಂದಳು ಚೌಡವ್ವ.

ಹೂವಪ್ಪ ಕೆಸರಿನಲ್ಲೇ ಕುಂತ. "ನಲವತ್ತು ವರ್ಷದ ಬೀಜ. ಆಕಿ ನನಗ ಬೈಯೂದಿಲ್ಲ ಫಕ್ರು. ಬೈದ್ರ ಚಲೋ ಇತ್ತು. ಹೋದ ವರ್ಷದಂಗ ಉಣ್ಣೂದು ಬಿಡ್ತಾಳ."

ಆಮೇಲೆ ಪರಮೇಶ್ವರಪ್ಪ ಮೆಲ್ಲಗೆ ಅಂದರು: "ಅಂಗಡಿಯಿಂದ ಬೀಜ ತರೋಣು. ಹೊಸಾ ಕುಳ್ಳಿನ್ಯಾಗ ಒತ್ತಿ ಗ್ವಾಡಿಗೆ ಹಚ್ಚಿಬಿಡೋಣು. ಕುಳ್ಳು ಕುಳ್ಳಿನಂಗ ಇರತೈತಿ, ಬೀಜ ಬೀಜದಂಗ. ಯಾರಿಗೆ ಗೊತ್ತಾಗತೈತಿ?"

ಹೂವಪ್ಪ ಅದನ್ನೂ ಮಾಡಿದ.

ಪೊಟ್ಟಣ ಒಡೆದು ನೋಡಿದರೆ ಬೀಜಗಳೆಲ್ಲ ಗುಲಾಬಿ ಬಣ್ಣ. ಹುಳದ ಔಷಧ ಸವರಿದ್ದರು. ಬಚ್ಚಲಲ್ಲಿ ಕುಂತು ತೊಳೆದರೆ ಬೀಜದ ಬಣ್ಣ ಅರ್ಧ ಹೋಯಿತು, ಹೂವಪ್ಪನ ಅಂಗೈಗೆ ಪೂರಾ ಬಂತು. ನೂರಜಹಾನ ತನ್ನ ಎಮ್ಮೆಯ ಸಗಣಿ ತಂದು ಕೊಟ್ಟಳು. ಆದರೆ ಬಡಿಯಲು ಒಪ್ಪಲಿಲ್ಲ.

"ಬ್ಯಾಡ್ರಿ ಹೂವಣ್ಣ. ನನ್ನ ಕೈ ಸಣ್ಣದು. ಶಂಕ್ರಕ್ಕ ಕುಳ್ಳಿನ ಮ್ಯಾಲಿನ ಬೆರಳು ನೋಡಿ ನಂದು ಅಂತ ಗುರ್ತಾ ಹಿಡಿತಾಳ. ನೀವ ಬಡೀರಿ."

ಹೂವಪ್ಪನೇ ಬಡಿದ. ಐದು ಕುಳ್ಳು, ಐದು ಅಂಗೈ. ಆದರೆ ಹಸಿ ಕುಳ್ಳು ಸಂಜೆಯೊಳಗೆ ಒಣಗಬೇಕಲ್ಲ. ಬಿಸಿಲು ನೋಡಿದರೆ ಮೋಡದ ಹಿಂದೆ. ಫಕ್ರುಸಾಬ ಒಲೆ ಹಚ್ಚಿ ಅದರ ಮೇಲೆ ಶಂಕ್ರವ್ವ ರೊಟ್ಟಿ ಸುಡುವ ಹಂಚನ್ನೇ ಇಟ್ಟ. ಒಂದೊಂದೇ ಕುಳ್ಳನ್ನು ಹಂಚಿಗೆ ಹಾಕಿ, ತಿರುವಿ, ರೊಟ್ಟಿಯ ಹಾಗೆ ಎರಡೂ ಮಗ್ಗಲು ಬೇಯಿಸಿದರು.

"ಹೂವಣ್ಣ, ಸುಟ್ಟ ಬೀಜ ಮೊಳಿತಾವೇನು?" ಅಂದ ಫಕ್ರುಸಾಬ.

"ಮೊಳಿಯೂದು ಮುಂದಿನ ಮಾತು. ಇವತ್ತ ರಾತ್ರಿ ಆಕಿ ಉಂಡ್ರ ಸಾಕು."

ಕುಳ್ಳನ್ನು ಗೋಡೆಗೆ ಹಚ್ಚಿ, ಹಂಚು ತಿಕ್ಕಲು ಕುಂತ. ಜನ್ಮದಲ್ಲಿ ಮೊದಲ ಸಲ ಪಾತ್ರೆ ತಿಕ್ಕುವ ಯೋಗ. ಬೂದಿಗೆ ಕೈ ಹಾಕಿದರೆ ಗಡಿಗೆ ಖಾಲಿ. ಮಣ್ಣಿನಲ್ಲೇ ತಿಕ್ಕಿ, ಮೂಸಿ ನೋಡಿ, ಇನ್ನೊಮ್ಮೆ ತಿಕ್ಕಿದ. ಆಮೇಲೆ ಎಲ್ಲರೂ ಸೇರಿ ಮೊದಲನೇ ಮಡಿಯನ್ನು ಮತ್ತೆ ತುಂಬಿದರು.

ಸಂಜೆ ಶಂಕ್ರವ್ವ ಬಂದಾಗ ನಾಲ್ವರೂ ಹಿತ್ತಲ ಕಟ್ಟೆಯ ಮೇಲೆ ಚಹಾ ಹಿಡಿದು, ಫೋಟೋ ತೆಗೆಸಿಕೊಳ್ಳುವವರ ಹಾಗೆ ಕುಂತಿದ್ದರು. ಚೌಡವ್ವ ಮಾತ್ರ ಮೂಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಶಂಕ್ರವ್ವ ಮಡಿ ಸುತ್ತು ಹಾಕಿ ನೋಡಿದಳು.

"ಚಲೋ ಆಗ್ಯಾವು" ಅಂದಳು. ಹೂವಪ್ಪ ಉಸಿರು ಬಿಟ್ಟ. ಆಮೇಲೆ ಅವಳು ಗೋಡೆಯ ಹತ್ತಿರ ಹೋಗಿ ನಿಂತಳು. ಒಂದು ಕುಳ್ಳಿನ ಮೇಲೆ ಬೆರಳಾಡಿಸಿದಳು.

"ಇವನ್ನ ಬಡಿದವರು ಯಾರ್ರಿ?"

"ನೀನ. ಹೋದ ವರ್ಷ ಬಡಿದಿದ್ದಿಯಲ್ಲ."

"ನನ್ನ ಕಿರಿಬೆರಳು ಯಾವಾಗ ಕುಡಗೋಲು ಆತು?"

ಐದು ಕುಳ್ಳಿನ ಮೇಲೂ ಐದು ಬೆರಳು ಚೊಕ್ಕಟವಾಗಿ ಮೂಡಿದ್ದವು. ಐದರಲ್ಲೂ ಕಿರುಬೆರಳು ಹೊರಗೆ ಬಾಗಿ ಹೂವಪ್ಪನ ಹೆಸರು ಹೇಳುತ್ತಿತ್ತು. ಅವನು ಗುಲಾಬಿ ಅಂಗೈಗಳನ್ನು ಬೆನ್ನ ಹಿಂದೆ ಅಡಗಿಸಿದ. ಶಂಕ್ರವ್ವ ಒಂದು ಕುಳ್ಳು ಕಿತ್ತು ಮುರಿದಳು. ಗುಲಾಬಿ ಬೀಜ ಉದುರಿದವು.

"ನೂರಜಹಾನ, ನಿಮ್ಮ ಎಮ್ಮಿಗೆ ಏನು ತಿನ್ನಸಾಕತ್ತಿ?"

ನೂರಜಹಾನ ಚಹಾದ ಬಸಿಯೊಳಗೆ ಮುಖ ಹುದುಗಿಸಿದಳು. ಪರಮೇಶ್ವರಪ್ಪನವರ ಮೊಬೈಲು ರಿಂಗಾಗದೇ ಇದ್ದರೂ ಅವರು ಅದನ್ನು ಕಿವಿಗೆ ಹಚ್ಚಿಕೊಂಡರು. ಹೂವಪ್ಪನಿಗೆ ಬೇರೆ ದಾರಿ ಉಳಿಯಲಿಲ್ಲ. ಕುಳ್ಳಿನ ಕಥೆಯನ್ನೆಲ್ಲ ಹೇಳಿದ. ಹಂಚಿನ ಮಾತೊಂದು ಬಿಟ್ಟ.

ಕೇಳಿ ಮುಗಿಸಿ ಶಂಕ್ರವ್ವ ನಕ್ಕಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕು ಕಟ್ಟೆಯ ಮೇಲೆ ಕುಂತಳು.

"ಅವು ಖಾಲಿ ಕುಳ್ಳು ಇದ್ವಲ್ರಿ. ಮೊನ್ನೆ ಸೋಮವಾರ ಸೂಜೀಲೆ ಬೀಜ ಎಲ್ಲ ಬಿಡಿಸಿ ತಗದಿಟ್ಟೇನಿ. ಕುಳ್ಳು ಒಲಿಗೆ ಆದಾವು ಅಂತ ಬಿಟ್ಟಿದ್ದೆ."

ಹೂವಪ್ಪನಿಗೆ ಜೀವ ಬಂತು. ಫಕ್ರುಸಾಬ ಮೇಲೆ ನೋಡಿ ಎರಡೂ ಕೈ ಎತ್ತಿದ. ಚೌಡವ್ವ, "ಸಕ್ಕರಿ ಅಲ್ಲ ಅಂತ ನಾ ಆಗ ಅಂದಿದ್ದೆ" ಅಂದಳು.

"ಹೇಳಬಾರದಿತ್ತೇನು ನನಗ?" ಅಂದ ಹೂವಪ್ಪ.

"ಹೇಳಿದ್ರ ಕೇಳಿದವರಿಗೆಲ್ಲ ಹಂಚಿ ಕುಂದರ್ತಿದ್ರಿ. ಅದಕ್ಕ ನಿಮ್ಮ ಕೈ ಎಂದೂ ಹೋಗದ ಜಾಗಾದಾಗ ಇಟ್ಟೇನಿ. ಹುಟ್ಟಿದಾಗಿಂದ ಒಂದು ಪಾತ್ರಿ ತಿಕ್ಕಿದವರಲ್ಲ ನೀವು." ಶಂಕ್ರವ್ವ ಸೆರಗು ಸಿಗಿಸಿ ಎದ್ದಳು. "ಬೂದಿ ಗಡಿಗ್ಯಾಗ ಅದಾವು, ತಳಕ್ಕ. ನಿಂದರ್ರಿ, ತರ್ತೇನಿ. ಹೊತ್ತು ಮುಳುಗೂದ್ರಾಗ ಊರೂಣು."

ಅವಳು ಒಳಗೆ ಹೋದಳು. ನಾಲ್ವರೂ ಎರಡನೇ ಮಡಿಯನ್ನು ನೋಡಿದರು. ಇಡೀ ದಿನದಲ್ಲಿ ಸರಿಯಾಗಿ ಮುಗಿದ ಕೆಲಸ ಅದೊಂದೇ. ಹಾಸಿಗೆಯ ಹಾಗೆ ಸಮವಾಗಿ ಮಲಗಿತ್ತು.

ಒಳಗೆ ಗಡಿಗೆಯ ಮುಚ್ಚಳ ತೆಗೆದ ಸದ್ದಾಯಿತು. ಮಿರಗದ ಮೊದಲ ದಪ್ಪ ಹನಿ ಹೂವಪ್ಪನ ಬೋಳುತಲೆಯ ಮೇಲೆ ಬಿತ್ತು.

"ಫಕ್ರುಸಾಬ" ಅಂದ ಅವನು ಸಣ್ಣ ದನಿಯಲ್ಲಿ, "ಸಲಿಕಿ ಎಲ್ಲಿಟ್ಟಿ?"