ಎಳೆದರೂ ನಿಲ್ಲದ ಪೆಟ್ಟಿಗೆ

ಬೆಳಿಗ್ಗೆ ಒಂಬತ್ತೂವರೆಗೆ ಕುಂಞಿಪಾತುಮ್ಮ ತಮ್ಮ ಮೊಬೈಲು ಚಾರ್ಜಿಗಿಡಲೆಂದು ಮೂರನೇ ಕ್ಯಾಮೆರಾದ ವಯರು ಕಿತ್ತರು. ಅಡಿಕೆ ವಿಂಗಡಿಸುವ ಯಂತ್ರ ಒಮ್ಮೆ ಬಿಕ್ಕಳಿಸಿ ನಿಂತಿತು. ಸವಣೂರಿನ ಪೋಕರ್ ಸಾಹುಕಾರರ ಗಾರ್ಬಲ್ ಎಂಬ ಅಡಿಕೆ ಗೋದಾಮಿನಲ್ಲಿ, ಯಂತ್ರದಿಂದ ಬಿದ್ದ ಅಡಿಕೆಯನ್ನು ಇನ್ನೊಮ್ಮೆ ಆರಿಸುತ್ತಿದ್ದ ಎಂಟು ಹೆಂಗಸರು ಒಟ್ಟಿಗೆ ಕಾಲು ಚಾಚಿದರು.

"ಪಾತುಮ್ಮಕ್ಕ, ಅದು ಕ್ಯಾಮೆರಾದ ಜಾಗ" ಎಂದ ವಿಷ್ಣುಪ್ರಸಾದ್, ಎರಡು ಸೀನುಗಳ ನಡುವೆ.

"ಗೊತ್ತುಂಟು ಭಟ್ರೆ. ಮೊಬೈಲಿಗೂ ಹಸಿವಾಗ್ತದಲ್ಲ?"

ಯಂತ್ರ ಪುತ್ತೂರಿನ ಸಣ್ಣ ಕಂಪೆನಿಯೊಂದರದ್ದು. ಅದರ ಹೊಟ್ಟೆಯಲ್ಲೊಂದು ಕಂಪ್ಯೂಟರ್ ಪೆಟ್ಟಿಗೆ, ಪೆಟ್ಟಿಗೆಗೆ ನಾಲ್ಕು ಕ್ಯಾಮೆರಾ, ಕ್ಯಾಮೆರಾ ಒಂದಕ್ಕೆ ಒಂದು ಬುಟ್ಟಿ. ಧೂಳು ಕೂತರೆ ಓಡುತ್ತಿರುವಾಗಲೇ ಕಿತ್ತು, ಒರೆಸಿ, ಮತ್ತೆ ಸಿಕ್ಕಿಸಬಹುದು ಎಂದು ಕಂಪೆನಿ ಮಾತು ಕೊಟ್ಟಿತ್ತು. ಪೆಟ್ಟಿಗೆಯೊಳಗೆ ಯಜಮಾನಿಕೆ ನಡೆಸುವ ಕರ್ನೆಲ್ ಎಂಬ ತಂತ್ರಾಂಶಕ್ಕೆ ಮಾತ್ರ ಆ ಮಾತು ತಲುಪಿರಲಿಲ್ಲ. ಕಿತ್ತ ಕ್ಯಾಮೆರಾದಿಂದ ಚಿತ್ರ ಬರುತ್ತದೆಂದು ಅದು, ಹೋದ ಬಸ್ಸಿಗೆ ಕೈ ಅಡ್ಡ ಹಿಡಿದು ನಿಂತವರಂತೆ, ಕಾಯುತ್ತಲೇ ಇರುತ್ತಿತ್ತು. ದಿನಕ್ಕೆ ನಾಲ್ಕೈದು ಸಲ ಹೀಗೆ ನಿಂತದ್ದನ್ನು ಎಬ್ಬಿಸಲು ವಿಷ್ಣುಪ್ರಸಾದನನ್ನು ಮೂರು ತಿಂಗಳಿಂದ ಇಲ್ಲಿ ಸ್ಟೂಲಿನ ಮೇಲೆ ಕೂರಿಸಿದ್ದರು. ಧೂಳಿಗೆ ಮೂಗು ಸೋರುತ್ತಿತ್ತು. ಮದುವೆ ಯಾವಾಗ ಎಂಬ ಹೆಂಗಸರ ಪ್ರಶ್ನೆಗೆ ಕಿವಿ ಕೆಂಪಾಗುತ್ತಿತ್ತು.

ಇವತ್ತು ಕಂಪೆನಿಯ ಒಡತಿ ಮೂಕಾಂಬಿಕಾ ಮೇಡಂ ಮೂರು ಗಂಟೆಗೆ ಬರುವವರಿದ್ದರು. ಹತ್ತು ಸಲ ಕಿತ್ತರೂ ಯಂತ್ರ ಓಡಿದರೆ ಅವನಿಗೆ ನಾಳೆಯಿಂದ ಪುತ್ತೂರಿನ ಆಫೀಸು. ನಿಂತರೆ ಇದೇ ಸ್ಟೂಲು.

ಅದಕ್ಕೆಂದೇ ಅವನು ಕರ್ನೆಲ್ಲಿಗೂ ಕ್ಯಾಮೆರಾಗಳಿಗೂ ನಡುವಿನ ವ್ಯವಹಾರವನ್ನು ಹೊಸದಾಗಿ ಬರೆದಿದ್ದ. ಊಟದ ಹಂತಿಯಲ್ಲಿ ಒಬ್ಬ ನಡುವೆ ಎದ್ದು ಹೋದರೆ ಅವನ ಎಲೆ ತೆಗೆದುಹಾಕುವುದಿಲ್ಲ. ಬಡಿಸುವವನು ಜನ ಇಲ್ಲದ್ದು ನೋಡಿ ಮುಂದಿನ ಎಲೆಗೆ ಹೋಗುತ್ತಾನೆ. ಕರ್ನೆಲ್ಲೂ ಹಾಗೆಯೇ ಮಾಡಬೇಕು, ಅಷ್ಟೆ.

ಹನ್ನೊಂದು ಗಂಟೆಗೆ, ನೆಲ ಗುಡಿಸುತ್ತಿದ್ದ ಪಾತುಮ್ಮಕ್ಕನ ಹಿಡಿಸೂಡಿಗೆ ಸಿಕ್ಕಿ ಎರಡನೇ ಕ್ಯಾಮೆರಾ ಕಳಚಿತು. ಯಂತ್ರ ನಿಲ್ಲಲಿಲ್ಲ. ವಿಷ್ಣುಪ್ರಸಾದನ ಕಣ್ಣು ತುಂಬಿತು. ಆದರೆ ಮತ್ತೆ ಸಿಕ್ಕಿಸಿದಾಗ ಕರ್ನೆಲ್ ಅದನ್ನು ಹೊಸಬನೆಂದು ತಿಳಿದು ಐದನೇ ಕ್ಯಾಮೆರಾ ಎಂದು ಕರೆಯಿತು. ಇನ್ನೊಮ್ಮೆ ಕಿತ್ತು ಸಿಕ್ಕಿಸಿದಾಗ ಆರನೆಯದು. ಐದಕ್ಕೂ ಆರಕ್ಕೂ ಬುಟ್ಟಿ ಇಲ್ಲದ್ದರಿಂದ ಅಡಿಕೆ ನೆಲದ ಮೇಲೆಲ್ಲ ಉರುಳಿತು.

"ಅಜ್ಜಿಮನೆಗೆ ಹೋಗಿ ಬಂದ ಮಗುವಿಗೆ ನೀವು ಹೊಸ ಹೆಸರು ಇಡುದಾ ಭಟ್ರೆ?" ಎಂದರು ಪಾತುಮ್ಮಕ್ಕ, ಹೆಕ್ಕುತ್ತ.

ಅವನಿಗೆ ಅದು ಸರಿಯೆನಿಸಿತು. ಬಂದ ಸರದಿಯಲ್ಲಿ ಅಲ್ಲ, ಸಿಕ್ಕಿಸಿದ ತೂತಿನ ಲೆಕ್ಕದಲ್ಲಿ ಹೆಸರು ಎಂದು ತಿದ್ದಿದ.

ಮಧ್ಯಾಹ್ನ ಪಾತುಮ್ಮಕ್ಕನ ಮೊಬೈಲಿಗೆ ಪುನಃ ಹಸಿವಾಯಿತು. ಬಂದವರನ್ನೆಲ್ಲ ಕೂರಿಸಿ ಉಪಚರಿಸಲು ಕಲಿತಿದ್ದ ಕರ್ನೆಲ್, ಮೊಬೈಲನ್ನೂ ಕ್ಯಾಮೆರಾ ಎಂದೇ ಬರಮಾಡಿಕೊಂಡಿತು. ಮೊಬೈಲು ಎಂತದೋ ಕೇಳಿತು. ಪಾತುಮ್ಮಕ್ಕ ಎಂತದೋ ಒತ್ತಿದರು. ಆಗಲೇ ಒಳಗೆ ಬಂದ ಪೋಕರ್ ಸಾಹುಕಾರರ ಬೋಳುತಲೆ ಯಂತ್ರದ ಪರದೆಯ ತುಂಬ ಮೂಡಿತು. ಕೆಳಗೆ ಅಕ್ಷರ ಬಂತು: ಕರಿಗೋಟು.

ಅಡಿಕೆಯಲ್ಲಿ ಅದಕ್ಕಿಂತ ಕೆಳಗಿನ ದರ್ಜೆ ಇಲ್ಲ.

"ಇದು ಎಂತ ಮಾರಾಯ್ರೆ?" ಎಂದರು ಸಾಹುಕಾರರು. "ನಲ್ವತ್ತು ವರ್ಷ ನಾನು ಅಡಿಕೆಗೆ ದರ್ಜೆ ಕೊಟ್ಟದ್ದು. ಈಗ ಅದು ನನಗೆ ಕೊಡುದಾ?"

"ಬೆಳಕು ಸರಿ ಇರ್ಲಿಲ್ಲ" ಎಂದು ವಿಷ್ಣುಪ್ರಸಾದ್ ತೊದಲಿದ.

"ಬಿಸಿಲಿಗೆ ಇಟ್ಟು ಇನ್ನೊಮ್ಮೆ ನೋಡಿ ಭಟ್ರೆ" ಎಂದರು ಪಾತುಮ್ಮಕ್ಕ. ಹೆಂಗಸರು ತಲೆವಸ್ತ್ರದ ಸೆರಗು ಬಾಯಿಗಿಟ್ಟುಕೊಂಡರು.

ಊಟ ಬಿಟ್ಟು ಅವನು ಮತ್ತೆ ಬರೆದ: ಬಂದವರು ಯಾರೆಂದು ವಿಚಾರಿಸಿ, ಪರಿಚಯದವರಾದರೆ ಮಾತ್ರ ಎಲೆ ಹಾಕುವುದು.

ಮೂರು ಗಂಟೆಗೆ ಮೇಡಂ ಬಂದರು. ತಾವೇ ಒಂದು ವಯರು ಕಿತ್ತರು. ಯಂತ್ರ ಓಡಿತು. ಇನ್ನೆರಡನ್ನು ಒಟ್ಟಿಗೆ ಕಿತ್ತು ಸಿಕ್ಕಿಸಿದರು. ಓಡಿತು. ಪಾತುಮ್ಮಕ್ಕ ಮೊಬೈಲು ಸಿಕ್ಕಿಸಿದರೆ ಕರ್ನೆಲ್ ಚಾರ್ಜು ಮಾತ್ರ ಕೊಟ್ಟು ಕಳಿಸಿತು. ಪಾತುಮ್ಮಕ್ಕನೇ ಇನ್ನೂ ಏಳು ಸಲ ಎಳೆದು ನೋಡಿದರು, ಕೊನೆಕೊನೆಗೆ ಸ್ವಲ್ಪ ಕೋಪದಲ್ಲಿ. ಓಡಿಯೇ ಓಡಿತು.

"ಒಳ್ಳೇ ಕೆಲ್ಸ ವಿಷ್ಣು" ಎಂದರು ಮೇಡಂ. "ನಾಳೆಯಿಂದ ಪುತ್ತೂರಿಗೆ ಬನ್ನಿ."

ವಿಷ್ಣುಪ್ರಸಾದ್ ಚೀಲಕ್ಕೆ ಕೈ ಹಾಕಿದ. ಅಷ್ಟರಲ್ಲಿ ಎಂಟು ಹೆಂಗಸರೂ ಎದ್ದು ನಿಂತರು.

"ಸಾವ್ಕಾರ್ರೆ, ಇದು ಇನ್ನು ನಿಲ್ಲುದೇ ಇಲ್ವಾ?" ಪಾತುಮ್ಮಕ್ಕ ಕೇಳಿದರು. "ಹಾಗಾದ್ರೆ ನಾವು ಸೊಂಟ ನೆಟ್ಟಗೆ ಮಾಡುದು ಯಾವಾಗ? ಚಾ ಕುಡಿಯುದು ಯಾವಾಗ? ಇಷ್ಟು ದಿನ ನಾನು ವಯರು ಎಳೆದದ್ದು ಸುಮ್ಮನೆ ಅಂತ ಮಾಡಿದ್ರಾ?"

ವಿಷ್ಣುಪ್ರಸಾದನ ಕೈ ಚೀಲದೊಳಗೇ ಉಳಿಯಿತು.

ಸಾಹುಕಾರರು ಬಾಗಿಲಿನಾಚೆ ನೋಡಿದರು. ರಸ್ತೆಯ ಆ ಬದಿಯ ಗಾರ್ಬಲಿನಲ್ಲಿ ಯಂತ್ರವಿಲ್ಲ, ಹೆಂಗಸರು ಬೇಕಾಗಿದ್ದಾರೆ.

"ಮೇಡಂ, ದಿನಕ್ಕೆ ನಾಲ್ಕು ಸಲ ಕಾಲು ಗಂಟೆ ನಿಲ್ಲಿಸ್ಬೇಕು" ಎಂದರು.

"ಅದಕ್ಕೆಂತ, ಒಂದು ಸ್ವಿಚ್ಚು ಕೊಟ್ರೆ ಆಯ್ತು."

"ಒತ್ತುದು ಯಾರು? ನಾನು ಒತ್ತಿದ್ರೆ ಬೇಗ ಚಾಲು ಮಾಡಿದೆ ಅಂತ ಇವರು ಹೇಳ್ತಾರೆ. ಇವರು ಒತ್ತಿದ್ರೆ ಚಾಲು ಆಗುದೇ ಇಲ್ಲ. ಆಚೆಗೂ ಈಚೆಗೂ ಸೇರದ ಒಬ್ರು ಬೇಕು. ಭಟ್ರು ಇರ್ಲಿ."

"ಭಟ್ರಾದ್ರೆ ನಮಗೂ ಒಪ್ಪಿಗೆ" ಎಂದರು ಪಾತುಮ್ಮಕ್ಕ.

ವಿಷ್ಣುಪ್ರಸಾದ್ ಬಾಯಿ ತೆರೆದ. ಬಂದದ್ದು ಸೀನು.

"ಐವರ್ನಾಡಿನಲ್ಲೂ ನಂದೊಂದು ಗಾರ್ಬಲ್ ಉಂಟು" ಎಂದು ಸಾಹುಕಾರರು ಮುಂದುವರಿಸಿದರು. "ಅಲ್ಲಿಗೂ ಇಂಥದ್ದೇ ಒಂದು ಕಳಿಸಿ. ಅಲ್ಲಿಯೂ ಹೆಂಗಸರೇ, ಅಲ್ಲಿಗೂ ಸ್ವಿಚ್ಚು ಒತ್ತಲಿಕ್ಕೆ ಒಬ್ರು ಬೇಕು."

ಮೇಡಂ ಆರ್ಡರು ಬರೆದುಕೊಂಡು, ಪೆನ್ನು ಮುಚ್ಚಿ, ವಿಷ್ಣುಪ್ರಸಾದನ ಕಡೆ ಪ್ರೀತಿಯಿಂದ ತಿರುಗಿದರು.

"ವಿಷ್ಣು, ನಿಮ್ಮ ಹತ್ರ ಬೈಕ್ ಉಂಟಲ್ಲ?"