ಮಾವನವರ ಕಾರಿನ ಚಳಿ

ಸುಳ್ಳು ಹೇಳುವುದರಲ್ಲಿ ನಾನು ಹಿಂದೆ ಬಿದ್ದವನಲ್ಲ. ಆಫೀಸಿಗೆ ಜ್ವರವೆಂದೂ ಹೆಂಡತಿಗೆ ಓವರ್‌ಟೈಮ್ ಎಂದೂ ಎಷ್ಟೋ ಸಲ ಹೇಳಿ ದಕ್ಕಿಸಿಕೊಂಡಿದ್ದೇನೆ. ಆದರೆ ಒಂದು ಕಾರಿಗೆ ಸುಳ್ಳು ಹೇಳಲು ಹೋಗಿ ಸಿಕ್ಕಿಬಿದ್ದವನು ಇಡೀ ಸಂಜಯನಗರದಲ್ಲಿ ನಾನೊಬ್ಬನೇ ಇರಬೇಕು.

ಕಾರು ನನ್ನ ಮಾವನವರದು. ಜರ್ಮನಿಯಲ್ಲಿ ಕೆಲಸದಲ್ಲಿದ್ದಾಗ ಕೊಂಡು, ಹಡಗಿನಲ್ಲಿ ತರಿಸಿದ್ದು. ಅವರಿಗೆ ಮೇ ತಿಂಗಳಲ್ಲೂ ಕುತ್ತಿಗೆಗೆ ಮಫ್ಲರ್ ಬೇಕಿತ್ತು. ಓಡಿಸುತ್ತ ಅಲ್ಲಾಳಸಂದ್ರದ ಕೆರೆ ಹತ್ತಿರ ಬಂದರೆ ಸಾಕು, "ಗಾಜು ಏರ್ಸಮ್ಮ, ಚಳಿ" ಎನ್ನುವರು. ಪಕ್ಕದಲ್ಲಿ ಕೂತ ಮಗಳು, ಎಂದರೆ ನನ್ನ ಹೆಂಡತಿ, "ಆಯ್ತಪ್ಪ" ಎಂದು ಏರಿಸುವಳು. ಅವರು ತೀರಿಕೊಂಡ ಮೇಲೆ ಕಾರು ನಮ್ಮ ಮನೆಗೆ ಬಂತು. ಬಂದದ್ದೇ ತಡ, ಕರೀ ಹೊಗೆ ಕಾರುತ್ತ ಕಂಡಾಬಟ್ಟೆ ಪೆಟ್ರೋಲ್ ಕುಡಿಯತೊಡಗಿತು. "ಅಪ್ಪನ ಕಾರು ಹಿಂಗೆ ನರಳೋದು ನೋಡಕ್ಕಾಗಲ್ಲ. ಸರಿಹೋಗ್ದಿದ್ರೆ ಮಾರ್ಬಿಡಿ" ಎಂದು ಹೆಂಡತಿ ಕಣ್ಣೊರೆಸಿಕೊಂಡಳು. ಮಾರಿದರೆ ನಾನು ಮತ್ತೆ ಬಸ್ಸಿನಲ್ಲಿ ನೇತಾಡಬೇಕು. ನನಗೂ ಅಳು ಬಂತು.

ಆರ್.ಟಿ. ನಗರದ ಮೆಕ್ಯಾನಿಕ್ ಮುನಿರಾಜು ಬಾನೆಟ್ ಎತ್ತಿ ನೋಡಿದ. ಈ ಕಾರಿಗೆ ಕಾರ್ಬ್ಯುರೇಟರ್ ಇಲ್ಲವಂತೆ. ಇಂಜಿನ್ ಬಿಸಿಯಾಗಿದೆಯೋ ತಣ್ಣಗಿದೆಯೋ ಎಂದು ಒಂದು ಸೆನ್ಸರ್ ಸುದ್ದಿ ಕೊಡುತ್ತದೆ, ಅದನ್ನು ನಂಬಿ ಕಂಪ್ಯೂಟರಿನಂಥ ಡಬ್ಬಿಯೊಂದು ಇಂಜಿನ್‌ಗೆ ಪೆಟ್ರೋಲ್ ಅಳೆದು ಕೊಡುತ್ತದೆ. "ಇಂಜಿನ್ನು ಕುದೀತಿದ್ರೂ ಈ ಸೆನ್ಸರ್ರು ಚಳಿ ಚಳಿ ಅಂತೈತೆ ಸಾರ್. ಡಬ್ಬಿ ಪಾಪ, ಜಾಸ್ತಿ ಕುಡಿಸ್ತೈತೆ" ಎಂದ. ಚಳಿ ಎಂಬ ಮಾತು ಕೇಳಿದ್ದೇ ನನಗೆ ಮಾವನವರು ನೆನಪಾದರು. ಹೊಸ ಸೆನ್ಸರ್ ಇಲ್ಲಿ ಸಿಗುವಂತಿರಲಿಲ್ಲ. ಅವನು ಹಳೆ ರೇಡಿಯೋದ ವಾಲ್ಯೂಮ್ ತಿರುಪೊಂದನ್ನು ಅದರ ತಂತಿಗೆ ಸೇರಿಸಿ, ಸ್ಟೀರಿಂಗ್ ಕೆಳಗೆ ಕೂರಿಸಿದ. ಬಲಕ್ಕೆ ತಿರುಗಿಸಿದರೆ, ಇಂಜಿನ್ ಹೇಗೇ ಇರಲಿ, ಡಬ್ಬಿಗೆ ಸೆಖೆ ಎಂಬ ಸುಳ್ಳು, ಎಡಕ್ಕೆ ತಿರುಗಿಸಿದರೆ ಮತ್ತೆ ಚಳಿ. ನಾನು ಬಲಕ್ಕೆ ತಿರುಗಿಸಿದೆ, ಹೊಗೆ ನಿಂತಿತು.

ಆದರೆ ಕೆರೆ ಹತ್ತಿರ ಬಂದಾಗಲೆಲ್ಲ ಮತ್ತೆ ಹೊಗೆ. ಬಗ್ಗಿ ನೋಡಿದರೆ ತಿರುಪು ಎಡಕ್ಕೆ ಹೊರಳಿರುತ್ತಿತ್ತು. ಹಿಂದಿನ ಸೀಟು ಖಾಲಿ. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಮೊನ್ನೆ ಸುಡುಮಧ್ಯಾಹ್ನ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಿರುಪಿನ ಮೇಲೇ ಕಣ್ಣಿಟ್ಟಿರು ಎಂದು ಹೇಳಿ ಹೊರಟೆ. ಕೆರೆ ಬಂತು.

"ನೀವೇ ಕಣ್ರೀ ತಿರುಗಿಸ್ತಿರೋದು" ಎಂದಳು, ಮೆಲ್ಲಗೆ.

ನೋಡಿದೆ. ನನ್ನ ಕೈ ತಿರುಪಿನ ಮೇಲಿತ್ತು. ತೆಗೆಯಬೇಕೆಂದು ಅನ್ನಿಸಲಿಲ್ಲ. "ಗಾಜು ಏರ್ಸಮ್ಮ, ಚಳಿ" ಎಂದೆ. ನಾನು ಅವಳನ್ನು ಎಂದೂ ಅಮ್ಮ ಎಂದು ಕರೆದವನಲ್ಲ.

"ಆಯ್ತಪ್ಪ" ಎಂದು ಅವಳು ಏರಿಸಿದಳು.

ಕಾರು ಮಾರುವ ಮಾತನ್ನು ಅವಳು ಆಮೇಲೆ ಎತ್ತಿಲ್ಲ. ಗಂಡನ ಕಾಟ ತಾಳಲಾರದೆ ಹೆಂಗಸರು "ಆಯ್ತಪ್ಪ" ಎನ್ನುವುದುಂಟು. ಅವಳಂದದ್ದು ಆ ಅಪ್ಪನೋ ಈ ಅಪ್ಪನೋ, ಕೇಳಿಬಿಡೋಣವೆಂದರೆ ಮಫ್ಲರ್ ಬಾಯಿಗೆ ಅಡ್ಡ ಬರುತ್ತದೆ.