ನಾನು ಕಂಪ್ಯೂಟರ್ ಕಾಪಾಡಿದ್ದು

ಕರೆಂಟು ಹೋಗಿ ಬರುವುದು ನಮ್ಮ ಕನಕಪುರದಲ್ಲಿ ಹೊಸದೇನಲ್ಲ. ಮನೆಗೆ ಕಂಪ್ಯೂಟರ್ ತಂದ ಮೇಲೆ ಮಾತ್ರ, ಕರೆಂಟು ಹೋದಾಗಲೆಲ್ಲ ನನ್ನದೊಂದು ಎಡವಟ್ಟೂ ಆಗತೊಡಗಿತು. ಊರ ಸುತ್ತ ಕಲ್ಲು ಪಾಲಿಶ್ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಅಲ್ಲಿ ಯಂತ್ರ ತಿರುಗಿದರೆ ಇಲ್ಲಿ ಬಲ್ಬು ಮಂಕಾಗುತ್ತಿತ್ತು. ಅಂಥದೊಂದು ಕಾರ್ಖಾನೆಯಲ್ಲೇ ನಾನು ಗುಮಾಸ್ತ, ಹಾಗಾಗಿ ಬೈಯುವ ಹಕ್ಕೂ ಇರಲಿಲ್ಲ.

ಕೂಗುವ ಪೆಟ್ಟಿಗೆ

ಕಂಪ್ಯೂಟರ್ ಜೊತೆ ಯುಪಿಎಸ್ ಕೂಡ ತಂದಿದ್ದೆ. ಮೊದಲ ಸಲ ಕರೆಂಟು ಹೋದಾಗ ಅದು ಕೀಂ ಕೀಂ ಎಂದು ಕೂಗತೊಡಗಿತು. ಸಿಡಿಯುತ್ತದೆ ಅನ್ನಿಸಿ ಹೆಂಡತಿಯನ್ನೂ, ಸಾತನೂರಿನಿಂದ ಬಂದಿದ್ದ ಅತ್ತೆಯನ್ನೂ ಬೀದಿಗೆ ಹೊರಡಿಸಿಕೊಂಡು ಓಡಿದೆ. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ಅಂಗಡಿಯವನಿಗೆ ಫೋನ್ ಮಾಡಿದರೆ, ಬ್ಯಾಟರಿ ಮುಗಿಯುವ ಮೊದಲು ಕೆಲಸ ಸೇವ್ ಮಾಡಿ ಅಂತ ಅದು ಎಚ್ಚರಿಸುವುದು ಎಂದ. ಬೆಳಗಿನಿಂದ ಟೈಪ್ ಮಾಡಿದ್ದೆಲ್ಲ ಹೋಗಿತ್ತು.

ಅತ್ತೆ ಕನಿಕರದಿಂದ, "ಅದು ಏನೋ ಯೋಳ್ತಿತ್ತು ಅಳಿಯಂದ್ರೇ, ನೀವು ಕೇಳ್ದೆ ಓಡ್ಬುಟ್ರಿ" ಅಂದರು.

ಅರ್ತಿಂಗ್ ಗುಂಡಿ

ಕಂಪ್ಯೂಟರ್ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಎಲೆಕ್ಟ್ರಿಷಿಯನ್ ಬಂದು ಅರ್ತಿಂಗ್ ಸರಿಯಿಲ್ಲ ಎಂದ. ಅಂಗಳದ ಮೂಲೆಯಲ್ಲಿ ಗುಂಡಿ ತೋಡಿ, ಪೈಪು ನಿಲ್ಲಿಸಿ, ಇದ್ದಿಲು ಉಪ್ಪು ತುಂಬಿ, ಮಣ್ಣು ಒಣಗದಂತೆ ನೀರು ಹಾಕುತ್ತಿರಿ ಅಂತ ಹೇಳಿಹೋದ. ನಾನು ದಿನಾ ಸ್ನಾನ ಮುಗಿಸಿ, ಒದ್ದೆ ಟವಲಿನಲ್ಲೇ ಹೋಗಿ ಒಂದು ಚೊಂಬು ನೀರು ಸುರಿಯುತ್ತಿದ್ದೆ. ಒಂದು ಬೆಳಿಗ್ಗೆ ನೋಡಿದರೆ ಪೈಪಿಗೆ ಅರಿಶಿನ ಕುಂಕುಮ, ಮೇಲೊಂದು ದಾಸವಾಳ. ಪಕ್ಕದ ಮನೆ ಅಜ್ಜಿ ಕೈಮುಗಿದು ನಿಂತಿದ್ದರು. ಇದು ದೇವರಲ್ಲ ಅಜ್ಜಿ, ಕರೆಂಟು ಸರಿಯಾಗಿರಲಿ ಅಂತ ಹಾಕಿಸಿದ್ದು ಎಂದೆ.

"ನಾನೂ ಅದ್ನೇ ಕೇಳ್ಕತಿದ್ದೆ ಕಣಪ್ಪ" ಎಂದರು.

ಬೇರೆ ಫೇಸು

ಒಂದು ಮಧ್ಯಾಹ್ನ ಗುಡುಗು ಶುರುವಾಯಿತು. ಪ್ಲಗ್ ಕಿತ್ತೆ, ಫೋನಿನ ವೈರ್ ಕಿತ್ತೆ. ಅಷ್ಟಾದರೂ ಧೈರ್ಯ ಬಾರದೆ ಮೈನ್ ಸ್ವಿಚ್ಚನ್ನೇ ಇಳಿಸಿ ಮಲಗಿದೆ. ಎದ್ದಾಗ ಮಳೆ ನಿಂತಿತ್ತು, ಕರೆಂಟಿರಲಿಲ್ಲ. ಪಕ್ಕದ ಮನೇಲಿದೆಯಲ್ಲ ಅಂದಳು ಹೆಂಡತಿ. ಅವರದು ಬೇರೆ ಫೇಸು, ಕಂಬದಿಂದ ಬರುವ ತಂತಿಯೇ ಬೇರೆ ಎಂದೆ. ಎದುರು ಮನೇಲೂ ಇದೆ ಅಂದಳು. ಅವರದೂ ಬೇರೆ ಎಂದೆ. ಮಾರನೆಯ ದಿನ ಕರೆಂಟ್ ಆಫೀಸಿಗೆ ಹೋಗಿ ಜಗಳವಾಡಿ ಲೈನ್‌ಮನ್ನನ್ನು ಕರೆತಂದೆ. ಕರೆಂಟು ಹೀಗೆ ಆಟವಾಡಿಸಿದರೆ ಕಂಪ್ಯೂಟರ್ ಗತಿಯೇನು ಅಂತ ದಾರಿಯುದ್ದಕ್ಕೂ ಪಾಠ ಹೇಳಿದೆ. ಆತ ಪಾಪ ಕಂಬ ಹತ್ತಿ, ಇಳಿದು, ಒಳಗೆ ಬಂದು ಮೈನ್ ಸ್ವಿಚ್ ಎತ್ತಿದ. ಫ್ಯಾನು ತಿರುಗಿತು. ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ನಡೆದಳು.

ಆತ ನಗಲಿಲ್ಲ. ಚಪ್ಪಲಿ ಮೆಟ್ಟಿಕೊಳ್ಳುತ್ತಾ ಗಂಭೀರವಾಗಿ ಹೇಳಿದ: "ಅದನ್ನ ಹಂಗೇ ಇಳ್ಸಿ ಮಡಗಿ ಸಾರ್. ನಿಮ್ ಕಂಪ್ಯೂಟರ್‌ಗೆ ಜನ್ಮದಲ್ಲಿ ಏನೂ ಆಗಕಿಲ್ಲ."